ದೂರು: ನೆಟ್ ನಿಧಾನ

ವಾಲ್ಪರೈಸೊದ ಗುಡ್ಡ ಹತ್ತುವ ಹಳಿಬಂಡಿಯಲ್ಲಿ
ಒಮ್ಮೆಗೆ ಏಳು ಜನ.
ಇವತ್ತು ನನ್ನ ಮುಂದೆ, ಕಿಂಡಿಯ ಬಳಿ, ಒಬ್ಬ ಮುದುಕ
ಚಿಲ್ಲರೆ ಎಣಿಸುತ್ತಿದ್ದ, ಒಂದೊಂದೇ, ಬೆಳಕಿಗೆ ಹಿಡಿದು.
ಬಂಡಿ ಖಾಲಿ ನಿಂತಿತ್ತು. ನಾವೂ ನಿಂತಿದ್ದೆವು,
ಓಡಬಲ್ಲ ಕಾಲುಗಳೆಲ್ಲ ಅವನ ಬೆರಳಿಗೆ ಕಟ್ಟುಬಿದ್ದು.

ಮೇಲೆ ತಗಡಿನ ಮನೆ, ಹಳದಿ ಬಣ್ಣ ಸುಲಿದದ್ದು.
ಬಾಗಿಲಲ್ಲೇ ರೊಸಾಲ್ಬಾ ಫೋನು ಮುಖಕ್ಕೆ ಚಾಚಿದಳು:
"ಆರುನೂರು ಅಂತ ದುಡ್ಡು ತಗೊಂಡು
ಮೂವತ್ತು ಕೊಡ್ತೀರಲ್ಲ, ನ್ಯಾಯವಾ?"
ಕೋರ್ಟಿಗೆ ಕಿವುಡರ ಸನ್ನೆ ತಿಳಿಸಿಕೊಡುವುದು ಅವಳ ಕೆಲಸ.
ಪರದೆಯಲ್ಲಿ ಕೈ ಅರ್ಧಕ್ಕೆ ನಿಂತರೆ
ಸಾಕ್ಷಿಯ ಮಾತೂ ಅರ್ಧಕ್ಕೆ.

ತಂತಿ ಸರಿ. ರೌಟರ್ ಹೊಸದು. ಗೋಡೆ ತೆಳು.
ಪಟ್ಟಿ ತೆರೆದೆ: ಹನ್ನೆರಡು ಸಾಧನ.
ಹನ್ನೆರಡನೆಯದಕ್ಕೆ ಹೆಸರಿಲ್ಲ. ವೇಗ, ಒಂದು.
ಹುಡುಕಿದರೆ ಅಡುಗೆಮನೆಯ ಬ್ರೆಡ್ ಡಬ್ಬಿಯ ಹಿಂದೆ
ಹಗಲಿರುಳು ಗುನುಗುವ ರೇಡಿಯೊ.
ಪುಂತಾ ಅರೆನಾಸ್‌ನ ಸ್ಟೇಷನ್: ಗಾಳಿಯ ರಭಸ, ಉಣ್ಣೆಯ ದರ,
ಯಾರದೋ ಹುಟ್ಟುಹಬ್ಬ.
"ಅಲ್ಲಿಯವರಾ?" ಅಂದೆ.
ಎದುವಿಹಿಸ್ ಅಜ್ಜಿ ತಲೆಯಾಡಿಸಿದರು:
"ಕಾಲಿಟ್ಟಿಲ್ಲ. ಅಲ್ಲಿ ಇಲ್ಲಿಗಿಂತ ಚಳಿ ಅಂತ ಕೇಳಿದ್ರೆ
ನಂಗೆ ಬೆಚ್ಚಗಾಗುತ್ತೆ."

ಹೇಗೆ ಹೇಳಲಿ? ಗಾಳಿ ಒಂದೇ.
ಒಬ್ಬರ ಮಾತು ಮುಗಿಯದೆ ಇನ್ನೊಬ್ಬರು ಬಾಯಿ ತೆರೆಯುವಂತಿಲ್ಲ.
ಹೊಸವು ಒಂದು ಗುಟುಕಿಗೆ ಮುಗಿಸುವುದನ್ನು
ಇದು ಕಾಗುಣಿತ ಬಿಡಿಸುತ್ತ ಕೂರುತ್ತದೆ.
ಮೇಲಾಗಿ ಹೊಸಬರ ನುಡಿ ಇದಕ್ಕೆ ತಿಳಿಯದು.
ಅದಕ್ಕೇ ರೌಟರ್ ಪ್ರತಿ ಸಲವೂ ಮೊದಲು
ಹಳೆಯ ನುಡಿಯಲ್ಲಿ, ಬಿಡಿಸಿ ಬಿಡಿಸಿ, ಕೂಗಬೇಕು:
ಅಮ್ಮಾ, ಸ್ವಲ್ಪ ಸುಮ್ಮನಿರಿ, ಇವರು ಮಾತಾಡ್ತಾರೆ.
ಮಾತಿಗಿಂತ ಮರ್ಯಾದೆಗೇ ಹೊತ್ತು ಹೋಗುತ್ತದೆ.

ಒಂದು ಗುರುತು ಹಾಕಿದರಾಯ್ತು, ಹಳೆಯದಕ್ಕೆ ಪ್ರವೇಶವಿಲ್ಲ.
ರೊಸಾಲ್ಬಾ ಅಜ್ಜಿಯ ಬೆನ್ನ ಹಿಂದಿನಿಂದ
ಕೈಯಲ್ಲೇ ಏನೋ ಹೇಳಿದಳು.
ಆ ಭಾಷೆ ನನಗೆ ಬಾರದು. ಆದರೂ ತಿಳಿಯಿತು.

ಚೀಲದ ತಳದಲ್ಲಿ ಯಾರೋ ಬಿಸಾಡಿದ ರೌಟರ್ ಇತ್ತು,
ಒಂದು ಆಂಟೆನಾ ಮುರಿದು ಟೇಪು ಸುತ್ತಿದ್ದು.
ತಂತಿ ಎಳೆದು ಬ್ರೆಡ್ ಡಬ್ಬಿಯ ಪಕ್ಕ ಕೂರಿಸಿದೆ.
ಬೇರೆ ಚಾನೆಲ್, ಬೇರೆ ಹೆಸರು. ಅವೆರಡೇ
ಮಾತಾಡಿಕೊಳ್ಳಲಿ, ತಮ್ಮ ಹದದಲ್ಲಿ.
ಆಮೇಲೆ ಹೊಸದರಲ್ಲಿ ಗುರುತು ಹಾಕಿದೆ.

ನಾನೂರ ಹತ್ತು.
ರೊಸಾಲ್ಬಾ ಆಗಲೇ ಹೆಡ್‌ಫೋನ್ ಏರಿಸಿ
ಪರದೆಯೆದುರು ಎರಡೂ ಕೈ ಎತ್ತಿದ್ದಳು.
ಅಜ್ಜಿ ಕೇಳಿದರು, "ನಂದೂ ಬೇಗ ಆಯ್ತಾ?"
"ಇಲ್ಲಮ್ಮ. ಅದು ಹಾಗೇ ಇದೆ."
"ಸದ್ಯ."

ಎರಡನೆಯ ರೌಟರನ್ನು ಬಿಲ್ಲಿನಲ್ಲಿ ಬರೆಯಲಿಲ್ಲ.

ಇಳಿಯುವಾಗ ಕಿಂಡಿಯ ಮುಂದೆ ಜೇಬಿಗೆ ಕೈ ಹಾಕಿದೆ:
ಸ್ಕ್ರೂ, ಕನೆಕ್ಟರ್, ಆಂಟೆನಾದ ತುಂಡು, ಮತ್ತೊಂದು ಸ್ಕ್ರೂ.
ನಾಣ್ಯ ಸಿಗಲೊಲ್ಲದು.
ಹಿಂದೆ ಯಾರೋ ಗಂಟಲು ಸರಿಮಾಡಿಕೊಂಡರು.