ಫರ್ವಾನಿಯಾದಲ್ಲಿ ಹೀರೆ

ನಾಲ್ಕನೇ ಮಹಡಿ. ಪೇಂಟಿನ ಡಬ್ಬದಲ್ಲಿ
ಹಸೈನಾರ್ ಊರಿದ ಹೀರೆಬೀಜ
ಈಗ ಡಿಶ್ಶಿನ ಕೇಬಲ್ ಹಿಡಿದು ಐದಕ್ಕೂ ಹತ್ತಿದೆ;
ಬಾಡಿಗೆ ಕೇಳುವವರಿಲ್ಲ.

ನೀರು ಏಸಿಯ ಪೈಪಿನದು.
ಆರು ಮಂದಿ ಮಲಗಿದ ಕೋಣೆಯ ಉಸಿರು,
ಒಣಹಾಕಿದ ಲುಂಗಿಯ ತೇವ
ಹನಿ ಹನಿ ಬೇರಿಗಿಳಿಯುತ್ತದೆ,
ಎಲೆ ಅದನ್ನೇ ಬಿಸಿಲಲ್ಲಿ ಅಟ್ಟು ಉಣ್ಣುತ್ತದೆ.

ಸಂಜೆ ಹೂ ಬಿರಿಯಿತು. ಜೇನು ಬರಲಿಲ್ಲ;
ಬರುವುದೆಲ್ಲಿಂದ?
ಗಂಡು ಹೂ ಗೊಂಚಲು ಗೊಂಚಲು, ನಮ್ಮ ಕೋಣೆಯಂತೆ.
ಹೆಣ್ಣು ಒಂದೇ, ಬೆನ್ನಿಗೆ ಕಿರುಬೆರಳಷ್ಟು ಕಾಯಿ ಕಟ್ಟಿಕೊಂಡು
ಕಾಯುತ್ತಿತ್ತು.

ದೂಮಪ್ಪ ಕಿವಿಕಡ್ಡಿ ತಂದ.
ಗ್ಯಾರೇಜಿನ ಗ್ರೀಸು ಬಿಡದ ಬೆರಳು
ಇಲ್ಲಿಂದ ಪರಾಗ ಒರೆಸಿ ಅಲ್ಲಿ ಮುಟ್ಟಿಸಿತು.
ಯಾರೂ ನಗಲಿಲ್ಲ.

ನಾಲ್ಕನೇ ದಿನಕ್ಕೆ ಕಾಯಿ ಬಾಗಿತು, ಭಾರಕ್ಕೆ.
ಕೊಯ್ಯದೆ ಬಿಟ್ಟಿದ್ದೇವೆ,
ಒಣಗಿ ಒಳಗೆ ಬೀಜ ಗಿಲಕಿಯಾಗುವವರೆಗೆ.
ಯಾರ ವೀಸಾ ಉಳಿದಿರುತ್ತದೋ ಅವನು ಬಿತ್ತಲಿ.