ನೂರ ಹನ್ನೆರಡನೆಯ ಪುಟ

ಪೆಟಿಫರ್ ಮೇಷ್ಟ್ರು ಹಲಗೆಯ ಮೇಲೆ ಬರೆಯುತ್ತಾರೆ:
ಪಾಳು ಕೋಟೆ. ಬಿರುಗಾಳಿ. ಬೀಗ ಹಾಕಿದ ಕೋಣೆ.
ಪರೀಕ್ಷೆಯಲ್ಲಿ ಇಷ್ಟು ಬರೆದರೆ ನಾಲ್ಕು ಅಂಕ,
ಮೂರ್ಛೆ ಹೋಗುವ ಹೆಂಗಸನ್ನೂ ಸೇರಿಸಿದರೆ ಐದು.
ಕಿಟಕಿಯಾಚೆ ಗ್ರಿಮ್ಸ್‌ಬಿಯ ಬಂದರು,
ಮೀನು ಕಾರ್ಖಾನೆಯ ಹೊಗೆ, ಸಾಲುಗಟ್ಟಿದ ಲಾರಿ,
ಯಾರೋ ಚೆಲ್ಲಿದ ಚಿಪ್ಸ್‌ಗೆ ಕಿತ್ತಾಡುವ ಕಡಲಹಕ್ಕಿ.
ಇಲ್ಲಿ ಕೋಟೆಯಿಲ್ಲ.
ಗಾಳಿ ಮಾತ್ರ ಬೇಕಾದಷ್ಟಿದೆ.

ಪುಸ್ತಕಗಳು ಹಳೆಯವು, ಇಬ್ಬರಿಗೊಂದು.
ಯಾಡ್ವಿಗಾಗೂ ನನಗೂ ಸಿಕ್ಕಿದ್ದಕ್ಕೆ ರಟ್ಟಿಲ್ಲ,
ಮೊದಲ ಹದಿನಾಲ್ಕು ಹಾಳೆ ಉಳಿದದ್ದು ಅಂಟುಪಟ್ಟಿಯ ದಯೆಯಿಂದ.
ಅಂಚಿನಲ್ಲಿ ಯಾರೋ ಪೆನ್ಸಿಲಾಗಿ ಕೂತಿದ್ದಾರೆ.
ನಾಯಕಿ ಮೆಟ್ಟಿಲು ಹತ್ತಿದರೆ: ಹೋಗಬೇಡ್ವೇ ಪೆದ್ದಿ.
ದೀಪ ಆರಿದರೆ: ನಾ ಹೇಳಿರಲಿಲ್ವಾ?
ದೊರೆ ಬಾಗಿ ಕೈಗೆ ಮುತ್ತಿಟ್ಟರೆ: ಮೊದಲು ಇವನ ಉಗುರು ನೋಡು.
ಕಥೆಗಿಂತ ಇದೇ ವಾಸಿ, ಅಂದಳು ಯಾಡ್ವಿಗಾ.
ಮೇಷ್ಟ್ರ ಕಣ್ಣು ತಪ್ಪಿಸಿ ನಾವು ಬರೀ ಅಂಚು ಓದಿದೆವು.

ನೂರ ಹನ್ನೆರಡನೆಯ ಪುಟ.
ನಾಯಕಿಯ ಕೈ ಚಿಲಕದ ಮೇಲೆ.
ಪಕ್ಕದಲ್ಲಿ: ತಡಿ, ನಾನೂ ಬ

ಅಷ್ಟೇ. ಆಮೇಲೆ ಎಲ್ಲ ಬೋಳು.
ಪುಸ್ತಕ ಮುಗಿಯುವವರೆಗೂ ಒಂದು ಗೀಟಿಲ್ಲ.

ಸುದ್ದಿ ಬೆಂಚಿನಿಂದ ಬೆಂಚಿಗೆ ಹೋಯಿತು.
ಕೋಟೆಯ ಗುಮ್ಮನಿಗೆ ಆಕಳಿಸಿದ ಕ್ಲಾಸು
ಆ ಖಾಲಿ ಅಂಚಿಗೆ ಹೆದರಿತು.
ಸತ್ತಿರಬೇಕು, ಅಂದ ಕೀರನ್, ಆಸೆಯಿಂದ.
ಗಂಟೆ ಹೊಡೆದಿರಬೇಕು, ಅಂದರು ಮೇಷ್ಟ್ರು.
ನಾನು ಬಾಯಿ ಬಿಡಲಿಲ್ಲ.
ಬಾಲ ಮಡಚಿಕೊಂಡ ಆ ಅಕ್ಷರಗಳು
ನಮ್ಮನೆ ಫ್ರಿಜ್ಜಿನ ಮೇಲೆ ದಿನಾ ಅಂಟಿರುತ್ತವೆ:
ಹಾಲು ತಾ. ಬಟ್ಟೆ ಒಣಹಾಕು. ನನ್ನ ಎಬ್ಬಿಸಬೇಡ.

ಅಮ್ಮ ಇದೇ ಶಾಲೆ. ಫೆಬ್ರವರಿಯಲ್ಲಿ ಬಿಟ್ಟಳಂತೆ,
ಯಾಕೆಂದು ಮನೆಯಲ್ಲಿ ಯಾರೂ ಹೇಳುವುದಿಲ್ಲ.
ಅದೇ ವರ್ಷ ಜೂನ್‌ನಲ್ಲಿ ನಾನು ಹುಟ್ಟಿದೆ.
ಲೆಕ್ಕದಲ್ಲಿ ನಾನು ಅಷ್ಟೇನೂ ದಡ್ಡಿಯಲ್ಲ.

ಮೂರೂಮುಕ್ಕಾಲಿಗೆ ಮನೆಗೆ ಬಂದರೆ ಪರದೆ ಎಳೆದಿದೆ.
ಮೇಲಿನ ಕೋಣೆಯ ಬಾಗಿಲು ಮುಚ್ಚಿದೆ.
ಹಗಲೆಲ್ಲ ಮಲಗಿ, ಕತ್ತಲಾದ ಮೇಲೆ ಎದ್ದು,
ಬಿಳಿಚಿಕೊಂಡ ಮುಖ ತೊಳೆದು ಹೊರಗೆ ಹೋಗುವವಳು.
ಮೇಷ್ಟ್ರಿಗೆ ಹೇಳಿದರೆ ಐದಕ್ಕೆ ಐದು ಕೊಟ್ಟಾರು.
ಆದರೆ ಅವಳು ಹೋಗುವುದು ಮೀನು ಕತ್ತರಿಸಲು,
ಮೂರ್ಛೆ ಹೋದರೆ ಆ ಗಂಟೆಯ ಕೂಲಿ ಕಟ್.

ಪುಸ್ತಕ ಕದ್ದು ತಂದಿದ್ದೆ.
ಅವಳ ಊಟದ ಡಬ್ಬಿಯ ಕೆಳಗಿಟ್ಟೆ.
ಡಬ್ಬಿ ಹೋಯಿತು, ಪುಸ್ತಕವೂ ಹೋಯಿತು.

ಬೆಳಿಗ್ಗೆ ಎರಡೂ ಸಿಂಕಿನ ಪಕ್ಕ.
ಒಂದಕ್ಷರವೂ ಬರೆದಿಲ್ಲ, ಎಲ್ಲ ಪುಟ ತಿರುವಿದೆ.
ನೂರ ಮೂವತ್ತೊಂದರ ಮೂಲೆಯಲ್ಲಿ ಒಂದು ಬೆರಳಿನ ಜಿಡ್ಡು,
ಹೊಗೆ ಹಾಕಿದ ಹ್ಯಾಡಕ್ ಮೀನಿನ ವಾಸನೆ.
ಅಂದರೆ ಬಾಗಿಲು ದಾಟಿ
ಹತ್ತೊಂಬತ್ತು ಪುಟ ಒಳಗೆ ಹೋಗಿದ್ದಾಳೆ.

ಶುಕ್ರವಾರ ಮೇಷ್ಟ್ರು ಪ್ರತಿಗಳನ್ನು ಎಣಿಸುತ್ತಾರೆ.
ಒಂದು ಕಮ್ಮಿ ಬಂದರೆ ಬರಲಿ.