ಹಳೇ ತೂತು

ಜೀನ್ಸ್ ಹೊಲಿದು ಮಿಕ್ಕ ದಾರ, ಕಿತ್ತಳೆ ಬಣ್ಣದ್ದು,
ಕೌಲ್ ಬಜಾರಿನ ಶೆಡ್ಡಿನಿಂದ ಸೆರಗಿನ ಗಂಟಲ್ಲಿ ಬಂತು.
ಮೇಣದಬತ್ತಿಯ ಮೇಲೆ ಎರಡು ಸಲ ಎಳೆದೆ.
ಸಾಲಲಿಲ್ಲ. ಮೂರನೇ ಸಲಕ್ಕೆ ಬಿರುಸಾಯಿತು.

"ಹೊಸಾ ತೂತು ಹೊಡೀಬ್ಯಾಡವ್ವಾ,
ಹಳೇ ತೂತೇ ಹುಡುಕು," ಅಂದಿದ್ದ
ಮೋತಿ ಸರ್ಕಲ್ಲಿನ ಹುಸೇನಪ್ಪ,
ಎರಡು ದಬ್ಬಣ ಎರವಲು ಕೊಡುತ್ತ.

ಬೂಟಿನೊಳಗೆ ಕೈಯಿಟ್ಟರೆ
ಬೆರಳಿಗೆಲ್ಲ ಗಣಿಯ ಕೆಂಪು, ನುಣ್ಣಗೆ.
ಅಟ್ಟೆ ತಿರುವಿ ನೋಡಿದೆ:
ಎಡಗಾಲಿನ ಹಿಮ್ಮಡಿ ಒಂದೇ ಮಗ್ಗುಲು ಸವೆದಿದೆ,
ಬಚ್ಚಲಲ್ಲಿ ಉಳಿದ ಸೋಪಿನ ಚೂರಿನ ಹಾಗೆ.

ಹದಿನಾರು ವರ್ಷ ಈ ಮನುಷ್ಯನ ಹಿಂದೆ ನಡೆದಿದ್ದೇನೆ
ಕೈಯಲ್ಲಿ ಚೀಲ ಹಿಡಿದು, ಅವನ ಬೆನ್ನು ನೋಡುತ್ತ.
ಕುಂಟುತ್ತಾನೆಂದು ಹೊಳೆದೇ ಇರಲಿಲ್ಲ.

"ಏನಾಗೈತಿ ಕಾಲಿಗೆ?"
"ಏನಿಲ್ಲ."
ತುಸು ತಡೆದು, "ಲಾರಿ ಹಲಗಿ ಬಿದ್ದಿತ್ತು. ಮದುವಿಗೆ ಮುಂಚೆ."

ಒಂದು ದಬ್ಬಣ ಮುರಿಯಿತು. ಇನ್ನೊಂದು ತೆಗೆದೆ.
ಆ ಮಗ್ಗುಲಿಗೆ ಎರಡು ಪದರ ಟೈರು ಇಟ್ಟೆ.
ಅಲ್ಲಿ ಹಳೇ ತೂತು ಒಂದೂ ಉಳಿದಿರಲಿಲ್ಲ,
ಹೊಸದೇ ಹೊಡೆದೆ. ಹಲ್ಲಿನಿಂದ ಗಂಟು ಬಿಗಿದೆ.

"ದಾರ ಕಾಣ್ತೈತಲ್ಲೇ, ಮಂದಿ ನಗ್ತಾರ."
"ಕಾಣ್ಲಿ."

ಬೆಳಿಗ್ಗೆ ಐದಕ್ಕೆ ಅವನು ಹೊಸ್ತಿಲು ದಾಟುವಾಗ
ಹಾಸಿಗೆಯಿಂದಲೇ ಕಿವಿಗೊಟ್ಟೆ.
ಎರಡು ಕಾಲಿನ ಸದ್ದು ಇನ್ನೂ ಒಂದೇ ಆಗಿರಲಿಲ್ಲ.